ಬಿಳಿಚಿದ ಉಂಗುರ

ಪಾವ್ಲಾ ತನ್ನ ಮದುವೆಯ ಉಂಗುರವನ್ನು ಬೆರಳಿಗೆ ಹಾಕಿಕೊಂಡದ್ದಕ್ಕಿಂತ ದಾರಕ್ಕೆ ಪೋಣಿಸಿ ಕತ್ತಿಗೆ ಕಟ್ಟಿಕೊಂಡದ್ದೇ ಹೆಚ್ಚು. ಆ ಊರಿನಲ್ಲಿ ಭಟ್ಟಿ ಕೆಲಸದವರ ಹೆಂಡಂದಿರೆಲ್ಲ ಹಾಗೆಯೇ. ನದಿಯ ಆಚೆ ದಡದಲ್ಲಿ ಕೆಂಪು ಅದಿರನ್ನು ಸುಟ್ಟು ಪಾದರಸ ಇಳಿಸುತ್ತಿದ್ದ ಕಾಲ ಅದು. ಗಂಡ ಮನೆಗೆ ಬಂದು ಬಿಚ್ಚಿ ಬಿಸಾಡಿದ ಬಟ್ಟೆಗೆ ಕೈ ಹಾಕುವ ಮುಂಚೆ ಉಂಗುರ ಕಳಚಿಡಬೇಕು. ಮರೆತರೆ ಜೇಬಿನ ಮೂಲೆಯಲ್ಲಿ ಅಡಗಿ ಕೂತ ಪಾದರಸ ಚಿನ್ನಕ್ಕೆ ಹತ್ತಿಕೊಂಡು ಉಂಗುರ ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಒಂದು ಸಲವಾದರೂ ಮರೆಯುತ್ತಿದ್ದರು. ಹಳಬರು ಅವರನ್ನು ಹಿಡಿದುಕೊಂಡು ಗೋಳುಹೊಯ್ದುಕೊಳ್ಳುತ್ತಿದ್ದರು, "ಏನೇ, ನಿನ್ನ ಗಂಡ ಬೆಳ್ಳಿ ಉಂಗುರ ಮಾಡಿಸಿ ಕೊಟ್ಟನಾ?" ಅಂತ.

ಇದರಿಂದಾಗಿ ಊರಿನ ಹೆಂಗಸರಲ್ಲಿ ಒಂದು ನಂಬಿಕೆ ಬೇರು ಬಿಟ್ಟಿತ್ತು. ಮೇಸ್ತ್ರಿ ಸುಳ್ಳು ಹೇಳಬಹುದು, ಡಾಕ್ಟರು ಸುಳ್ಳು ಹೇಳಬಹುದು, ಗಂಡನಂತೂ ಹೇಳಿಯೇ ಹೇಳುತ್ತಾನೆ. ಎಲ್ಲಿ ಪಾದರಸ ಇದೆ, ಎಲ್ಲಿ ಇಲ್ಲ ಎನ್ನುವುದಕ್ಕೆ ಉಂಗುರವೇ ಸಾಕ್ಷಿ. ಯಾವುದರ ಮೇಲೆ ಅನುಮಾನವೋ ಅದರಲ್ಲಿ ಒಂದು ರಾತ್ರಿ ಉಂಗುರ ಹಾಕಿಡುವುದು, ಬೆಳಿಗ್ಗೆ ಎದ್ದು ನೋಡುವುದು. ಪಾವ್ಲಾ ತನ್ನ ಗಂಡ ಲೋಯ್ಜೆಯ ಬಾಯಿಯಲ್ಲೇ ಒಮ್ಮೆ ಇಟ್ಟು ನೋಡಿದ್ದಳು.

ಲೋಯ್ಜೆ ಭಟ್ಟಿಯ ಕೊಳವೆಗಳಿಂದ ಮಸಿ ಕೆರೆಯುವ ಕೆಲಸದವನು. ಮೊದಲು ಅವನ ಕೈ ನಡುಗತೊಡಗಿತು. ಸಾರಿನ ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಗೆ ಸೇರುತ್ತಿತ್ತು. ಆಮೇಲೆ ಸುಮ್ಮಸುಮ್ಮನೆ ಸಿಡುಕು, ಸುಮ್ಮಸುಮ್ಮನೆ ನಾಚಿಕೆ. ಆಗಿನ ಡಾಕ್ಟರು ನಾಲಗೆ ನೋಡಿ, ಏನೂ ಇಲ್ಲ, ಹಾಲು ಜಾಸ್ತಿ ಕುಡಿ, ಗಾಳಿಗೆ ಓಡಾಡು ಎಂದು ಕಳಿಸಿದರು. ಅವನು ಹಾಲು ಕುಡಿದ, ಗುಡ್ಡ ಹತ್ತಿ ಇಳಿದ. ವಸಡು ಊದಿತು. ಒಂದು ಭಾನುವಾರ ಊಟದ ಮೇಜಿನಲ್ಲಿ ಬಾಯಿಗೆ ಎರಡು ಬೆರಳು ಹಾಕಿ, ಕೋಟಿನ ಗುಂಡಿ ಬಿಚ್ಚಿದಷ್ಟೇ ಸಲೀಸಾಗಿ ಒಂದು ದವಡೆ ಹಲ್ಲನ್ನು ತೆಗೆದು ತಟ್ಟೆಯ ಅಂಚಿಗಿಟ್ಟ. ಮಗ ಗಾಶ್ಪರ್ ಆಗ ಚಿಕ್ಕವನು, ತಮಾಷೆ ಎಂದುಕೊಂಡು ನಕ್ಕ, ಅಪ್ಪನೂ ನಕ್ಕ. ಆ ರಾತ್ರಿ ಪಾವ್ಲಾ ಗಂಡನಿಗೆ ಆಣೆ ಹಾಕಿ ಉಂಗುರವನ್ನು ಕೆನ್ನೆಯೊಳಗೆ ಇರಿಸಿಕೊಂಡು ಮಲಗಲು ಹೇಳಿದಳು. ಬೆಳಿಗ್ಗೆ ಅದರ ಅಂಚು ಬಿಳಿಚಿತ್ತು. ಆಮೇಲೆ ಅಕ್ಕಸಾಲಿಗ ಅದನ್ನು ಕಾಯಿಸಿ ಮತ್ತೆ ಹಳದಿ ಮಾಡಿಕೊಟ್ಟ. ಮುಂದೆ ಅವನು ಬಹಳ ವರ್ಷ ಬಾಳಲಿಲ್ಲ.

ಅವನು ಕೆಲಸ ಬಿಟ್ಟ ದಿನ ಜೊತೆಯವರು ನೆನಪಿಗಿರಲಿ ಎಂದು ಹೆಬ್ಬೆಟ್ಟಿನ ಗಾತ್ರದ ಒಂದು ಗಾಜಿನ ಬಾಟಲಿಗೆ ಪಾದರಸ ತುಂಬಿ, ಬೆಂಡಿನ ಮುಚ್ಚಳ ಜಡಿದು, ಮೇಣ ಮೆತ್ತಿ ಕೊಟ್ಟಿದ್ದರು. ಅಂಥ ಬಾಟಲಿ ಊರಿನ ಎಷ್ಟೋ ಮನೆಗಳಲ್ಲಿತ್ತು. ಮನುಷ್ಯನನ್ನು ತಿಂದು ಹಾಕಿದ್ದನ್ನೇ ಆ ಮನುಷ್ಯನ ಗುರುತು ಎಂದು ಒರೆಸಿ ಒರೆಸಿ ಇಟ್ಟುಕೊಳ್ಳುವ ಜನ. ಇದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಲೋಯ್ಜೆಯ ಬಾಟಲಿ, ಅವನ ಟೋಪಿ, ಅವನು ಭಾನುವಾರ ಕಹಿ ಮದ್ಯ ಕುಡಿಯುತ್ತಿದ್ದ ಪುಟ್ಟ ಗ್ಲಾಸು, ಎಲ್ಲವೂ ಕೆಳಗೆ, ಚಳಿಗೆ ಬೆಚ್ಚಗಿರಲೆಂದು ಹೆಂಚಿನ ಒಲೆ ಕಟ್ಟಿದ ಒಲೆಕೋಣೆಯ ಮೂಲೆ ಬೀರುವಿನಲ್ಲಿದ್ದವು. ಪಾವ್ಲಾ ಹಬ್ಬದ ದಿನ ಬಾಗಿಲು ತೆಗೆದು ದೂಳು ಹೊಡೆದು, ಮನೆಯ ಸುದ್ದಿ ನಾಲ್ಕು ಮಾತು ಹೇಳಿ ಮುಚ್ಚುತ್ತಿದ್ದಳು.

ಇಂಥ ಮನೆಗೆ ಸೊಸೆಯಾಗಿ ಬಂದವಳು ಜೆರ್ನೆಯಾ. ಸಮುದ್ರದ ಕಡೆಯವಳು, ಇಜೋಲಾ ಊರಿನ ಮೀನುಗಾರರ ಮಗಳು, ಶಿಶುವಿಹಾರದ ಟೀಚರು. ಊರಿಗೆ ಬಂದ ಹೊಸದರಲ್ಲಿ ಈ ಕಣಿವೆಯಲ್ಲಿ ಸೂರ್ಯನಿಗೂ ಅರ್ಧ ದಿನ ರಜೆ ಎಂದು ಆಡಿಕೊಂಡು ಅತ್ತೆಯ ಮೂಗು ಕೆಂಪಾಗುವಂತೆ ಮಾಡಿದ್ದಳು. ಆದರೂ ಇಬ್ಬರಿಗೂ ಹೊಂದಿಕೆಯಿತ್ತು. ಮಗು ತಿಂಕಾ ತಿಂಗಳು ತುಂಬುವ ಮೊದಲೇ ಹುಟ್ಟಿದಾಗ ಆ ಹೊಂದಿಕೆ ಇನ್ನೂ ಗಟ್ಟಿಯಾಯಿತು. ಮಗುವಿಗೆ ಮೊಲೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಜೆರ್ನೆಯಾ ಹಾಲು ಹಿಂಡಿ ಚಮಚದಲ್ಲಿ ಕುಡಿಸಿದಳು, ಬಿಡದೆ ಎದೆಗೆ ಹಚ್ಚಿ ಹಚ್ಚಿ ಅಳುತ್ತಾ ಕಲಿಸಿದಳು. ಮಗು ಮೊದಲ ಸಲ ತಾನಾಗಿ ಹಿಡಿದು ಗುಟುಕರಿಸಿದ ದಿನ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಮೂಗು ಸೀಟಿಕೊಂಡು ಅತ್ತರು. ಆ ಹಾಲೇ ಆ ಮಗುವಿನ ಜೀವ ಎಂದು ಇಬ್ಬರಿಗೂ ಗೊತ್ತಿತ್ತು. ಮುಂದಿನದೆಲ್ಲ ನಡೆದದ್ದು ಆ ಹಾಲಿಗಾಗಿ.

ನವೆಂಬರಿನಲ್ಲಿ ಸಂತ ಮಾರ್ಟಿನನ ಹಬ್ಬದ ಊಟದಲ್ಲಿ, ಅಕ್ರೋಟು ತುಂಬಿದ ಸಿಹಿ ಸುರುಳಿ ಕಚ್ಚುವಾಗ ಜೆರ್ನೆಯಾಳ ದವಡೆ ಹಲ್ಲಿನಲ್ಲಿದ್ದ ಹಳೆಯ ಬೆಳ್ಳಿ ತುಂಬುವಿಕೆ ಅರ್ಧ ಮುರಿದು ಕೈಗೆ ಬಂತು. ಕರ್ರಗೆ, ಕಡಲೆಕಾಳಿನಷ್ಟು. ಅದನ್ನು ನೋಡಿದ್ದೇ ಪಾವ್ಲಾ ತಟ್ಟೆ ಸರಿಸಿ ಎದ್ದಳು. ಹೆಸರಿಗೆ ಬೆಳ್ಳಿ, ಅದರಲ್ಲಿ ಅರ್ಧಕ್ಕರ್ಧ ಪಾದರಸ ಎನ್ನುವುದು ಆ ಊರಿನಲ್ಲಿ ಮಕ್ಕಳಿಗೂ ಗೊತ್ತು. ಒಂದು ವಾರದಲ್ಲಿ ಹಲ್ಲು ಜುಮುಗುಟ್ಟಲು ಶುರುವಾಗಿ ಕೆನ್ನೆ ಊದಿತು. ಜೆರ್ನೆಯಾ ಹಲ್ಲಿನ ಡಾಕ್ಟರ ಹತ್ತಿರ ಹೊರಟಳು.

"ಉಳಿದಿರೋದನ್ನ ಕೆರೆದು ತೆಗೀತಾರೆ ಅಂದ್ರೆ ಅದರ ಹೊಗೆ ಎಲ್ಲಿಗೆ ಹೋಗುತ್ತೆ ಹೇಳು? ನಿನ್ನ ಮೈಗೆ. ಅಲ್ಲಿಂದ ಹಾಲಿಗೆ," ಎಂದಳು ಪಾವ್ಲಾ. "ಮಗು ಮೊಲೆ ಬಿಡೋ ತನಕ ಲವಂಗ ಒತ್ತಿಕೊಂಡು ತಡ್ಕೋ. ನಾವೆಲ್ಲ ತಡ್ಕೊಂಡಿಲ್ವಾ?"

"ತಡ್ಕೊಂಡು ನಿಮ್ಮ ಬಾಯಲ್ಲಿ ಎಷ್ಟು ಉಳಿದಿವೆ ಅತ್ತೆ?" ಎಂದು ಜೆರ್ನೆಯಾ ಊದಿದ ಕೆನ್ನೆಯಲ್ಲೇ ನಕ್ಕು, ಮಗುವನ್ನು ಅವಳ ತೊಡೆಗೆ ಹಾಕಿ ಹೋದಳು.

ಸಂಜೆ ಬಂದು ಎಲ್ಲವನ್ನೂ ಹೇಳಿದಳು. ಡಾಕ್ಟರ್ ಸೆವರ್ ಎಂಬ ಹೆಂಗಸು, ಮಾತು ಕಡಿಮೆ, ಕೈ ಹಗುರ. ಬಾಯಲ್ಲಿ ಸುಮ್ಮನೆ ಕೂತಿರುವ ಹಳೆಯ ಬೆಳ್ಳಿಯಿಂದ ಹಾಲಿಗೆ ಹೋಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಅದಕ್ಕೆ ಹೆದರಿ ಗಟ್ಟಿ ಇರುವುದನ್ನು ಯಾರೂ ತೆಗೆಸಬೇಕಿಲ್ಲ ಎಂದರಂತೆ. ಇದು ಮುರಿದು ಒಳಗೆ ಕೀವು ಕಟ್ಟುತ್ತಿರುವುದರಿಂದ ತೆಗೆಯಲೇಬೇಕು, ಕೀವನ್ನು ಬಿಟ್ಟರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ, ನೀರು ಬಿಡುತ್ತಾ, ಕೊಳವೆಯಲ್ಲಿ ಎಳೆದುಕೊಳ್ಳುತ್ತಾ ದೊಡ್ಡ ದೊಡ್ಡ ಚೂರಾಗಿ ತೆಗೆದರಂತೆ. ಹಾಲುಣಿಸುವ ತಾಯಂದಿರಿಗೆ ಹೊಸದಾಗಿ ಬೆಳ್ಳಿ ತುಂಬುವುದನ್ನು ಕಾನೂನೇ ಬೇಡ ಎಂದಿರುವುದರಿಂದ ಬಿಳಿಯದನ್ನು ತುಂಬಿದರು. ಮರಗಟ್ಟಿಸುವ ಇಂಜೆಕ್ಷನ್ನಿಂದ ಹಾಲಿಗೆ ತೊಂದರೆಯಿಲ್ಲ, ಮನೆಗೆ ಹೋದ ತಕ್ಷಣ ಕುಡಿಸಿ ಎಂದು ಕಳಿಸಿದರು. ಹೇಳುತ್ತಾ ಹೇಳುತ್ತಾ ಜೆರ್ನೆಯಾ ಕುಡಿಸುತ್ತಲೂ ಇದ್ದಳು. ಪಾವ್ಲಾ ಒಂದನ್ನೂ ಕಿವಿಗೆ ಹಾಕಿಕೊಳ್ಳದೆ ಮಗುವಿನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದಳು. 'ಏನೂ ಇಲ್ಲ, ಹಾಲು ಕುಡಿ' ಎಂದ ಡಾಕ್ಟರನ್ನು ಅವಳು ಮೊದಲೇ ನೋಡಿದ್ದಳು.

ಅದೇ ವಾರ ಮೊದಲ ಹಿಮ ಬಿತ್ತು. ಮೇಲಿನ ಕೋಣೆ ಚಳಿ ಎಂದು ಗಾಶ್ಪರ್ ಹಾಸಿಗೆಯನ್ನೂ ತೊಟ್ಟಿಲನ್ನೂ ಕೆಳಗಿನ ಒಲೆಕೋಣೆಗೆ ಇಳಿಸಿದ. ತೊಟ್ಟಿಲಿಗೆ ಜಾಗ ಸಾಲದೆ ಮೂಲೆ ಬೀರುವನ್ನು ಒಲೆಯ ಪಕ್ಕಕ್ಕೆ ಎಳೆಯಬೇಕಾಯಿತು. ಸಾಮಾನು ಖಾಲಿ ಮಾಡಿ ಎಳೆಯೋ ಎಂದರೆ ಆ ಸೋಮಾರಿ ಕೇಳಬೇಕಲ್ಲ. ಭುಜ ಕೊಟ್ಟು ತಳ್ಳಿದ. ಒಳಗೆ ಏನೋ ಉರುಳಿ ಠಣ್ ಎಂದಿತು. ಅಪ್ಪನ ಸಾಮಾನು, ನಿಧಾನ ಎಂದು ಪಾವ್ಲಾ ಅಡುಗೆಮನೆಯಿಂದಲೇ ಗದರಿದಳು. ಒಡೆದ ಸದ್ದಲ್ಲ ಎಂದು ಸಮಾಧಾನ ಮಾಡಿಕೊಂಡು ಹಿಟ್ಟು ನಾದುವುದಕ್ಕೆ ತಿರುಗಿದಳು. ದೊಡ್ಡ ಹೆಂಚಿನ ಒಲೆ ಹಗಲೂ ರಾತ್ರಿ ಉರಿಯಿತು, ಕೋಣೆ ಬೆಚ್ಚಗೆ ಗೂಡಿನಂತಾಯಿತು. ಬೀರುವಿನ ಕಾಲಿಗೆ ತೊಟ್ಟಿಲಿನ ಕಾಲು ತಾಗಿಕೊಂಡಿತ್ತು.

ಹತ್ತು ಹದಿನೈದು ದಿನಕ್ಕೆ ಮಗು ಬೇರೆಯೇ ಆಯಿತು. ನಿದ್ದೆ ಹೋಯಿತು. ಅಳು ಎಂದರೆ ಹಸಿವಿನ ಅಳುವಲ್ಲ, ಒಳಗಿನಿಂದ ಯಾರೋ ಚಿವುಟುತ್ತಿದ್ದಾರೆ ಎನ್ನುವಂಥದು. ಅಂಗೈ ಅಂಗಾಲು ಸುಟ್ಟ ಹಾಗೆ ಕೆಂಪಾಗಿ, ಬೆವತು, ಸಿಪ್ಪೆ ಏಳತೊಡಗಿತು. ತೂಕ ನಿಂತಲ್ಲೇ ನಿಂತಿತು. ಮನೆಗೆ ಬರುವ ನರ್ಸು ಚಳಿಗೆ ಚರ್ಮ ಒಡೆದಿದೆ ಎಂದು ಮುಲಾಮು ಕೊಟ್ಟು ಹೋದಳು. ಜೆರ್ನೆಯಾಳಿಗೂ ತಲೆನೋವು, ಬಾಯಲ್ಲಿ ತಾಮ್ರದ ಚಮಚ ನೆಕ್ಕಿದಂಥ ರುಚಿ. ಅದನ್ನು ಅವಳು ಬಾಯಿ ತಪ್ಪಿ ಹೇಳಿದ್ದೇ ತಡ, ಪಾವ್ಲಾಳ ಅನುಮಾನ ಕಲ್ಲಾಯಿತು. ಲೋಯ್ಜೆ ಹೇಳುತ್ತಿದ್ದುದೂ ಅದೇ ರುಚಿಯನ್ನು.

"ಹಲ್ಲು ಕೆರೆಸಿಕೊಂಡು ಬಂದಾಗಿಂದ ಶುರುವಾಯ್ತು. ನೀನೇ ಯೋಚನೆ ಮಾಡು ಜೆರ್ನೆಯಾ," ಎಂದಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ಬೇಡಿಕೆಯಿತ್ತು. "ಒಂದೇ ಒಂದು ರಾತ್ರಿ ನಿನ್ನ ಹಾಲಲ್ಲಿ ಉಂಗುರ ಇಟ್ಟು ನೋಡೋಣ. ಹಳದಿಯಾಗೇ ಇದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ."

ನಿದ್ದೆಗೆಟ್ಟು ನಿಂತಲ್ಲೇ ತೂಗುತ್ತಿದ್ದ ಜೆರ್ನೆಯಾ ನಕ್ಕುಬಿಟ್ಟಳು. ನಿಮ್ಮ ಸಮಾಧಾನಕ್ಕೆ ಅದೂ ಆಗಲಿ ಎಂದು ಹಾಲು ಹಿಂಡಲು ಎದೆಗೆ ಕೈ ಹಚ್ಚಿದಳು.

ಪಾವ್ಲಾಳಿಗೆ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಮಗು ಈಗಷ್ಟೇ ಮಲಗಿದೆ ಎಂದು ಕೋಣೆಯ ದೀಪ ಹಾಕದೆ, ಬೀರುವಿನ ಬಾಗಿಲು ತೆಗೆದು, ಕೈ ತಡವಿ ಲೋಯ್ಜೆಯ ಪುಟ್ಟ ಗ್ಲಾಸನ್ನು ತೆಗೆದುಕೊಂಡಳು. ಬೇರೆ ಲೋಟ ಮನೆಯಲ್ಲಿ ಬೇಕಾದಷ್ಟಿದ್ದವು. ಆದರೆ ಈ ಪರೀಕ್ಷೆಗೆ ಅವನೂ ಜೊತೆಗಿರಲಿ ಎಂದು ಅವಳಿಗೆ ಅನ್ನಿಸಿತು. ಹಬ್ಬಕ್ಕೆ ತೊಳೆದಿಟ್ಟದ್ದು ತಾನೇ ಎಂದು ಮತ್ತೆ ತೊಳೆಯಲೂ ಇಲ್ಲ. ಹಾಲು ತುಂಬಿದ ಗ್ಲಾಸಿಗೆ ಕತ್ತಿನ ದಾರದಿಂದ ಬಿಚ್ಚಿದ ಉಂಗುರ ಹಾಕಿ, ಮೇಲೆ ತಟ್ಟೆ ಮುಚ್ಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ಮಲಗಿದಳು.

ಬೆಳಿಗ್ಗೆ ಮೂವರೂ ಸಿಂಕಿನ ಸುತ್ತ ನಿಂತಿದ್ದರು. ಪಾವ್ಲಾ ಚಮಚದಿಂದ ಉಂಗುರ ಎತ್ತಿ, ಹಾಲು ಚೆಲ್ಲಿ, ನಲ್ಲಿ ಬಿಟ್ಟಳು. ಉಂಗುರದ ಒಂದು ಬದಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಗಾಶ್ಪರ್ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ, ಅಂಗಿಗೆ ಒರೆಸಿ ನೋಡಿದ. ಆ ಊರಿನಲ್ಲಿ ಹುಟ್ಟಿದವನು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸದವನಾದರೂ ಬಿಳಿಚಿದ ಉಂಗುರ ಕಂಡ ಕೂಡಲೇ ಭಟ್ಟಿಯವನ ಮಗನಾಗಿಬಿಟ್ಟ.

ಜೆರ್ನೆಯಾ ಮಾತ್ರ ಸುಮ್ಮನೆ ಒಪ್ಪಲಿಲ್ಲ. ಅಲ್ಲೇ ನಿಂತು ಡಾಕ್ಟರ್ ಸೆವರ್‌ಗೆ ಫೋನು ಮಾಡಿದಳು. ಪಾವ್ಲಾಳಿಗೂ ಕೇಳಲಿ ಎಂದು ಫೋನನ್ನು ಮೇಜಿನ ಮೇಲೆ ತೆರೆದಿಟ್ಟಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ಹಾಲಿನಿಂದ ಚಿನ್ನ ಬೆಳ್ಳಗಾಗೋಕೆ ಸಾಧ್ಯವೇ ಇಲ್ಲಮ್ಮ. ಅಷ್ಟು ಪಾದರಸ ಹಾಲಲ್ಲಿದ್ರೆ ನೀವು ನಿಂತು ಮಾತಾಡ್ತಿರಲಿಲ್ಲ. ಅದು ಬೇರೆ ಎಲ್ಲಿಂದಲೋ ಹತ್ತಿದೆ. ಮನೆಯಲ್ಲಿ ಎಲ್ಲಾದ್ರೂ ಇದೆಯಾ ಹುಡುಕಿ. ಮಗೂನ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಹಾಲು ಮಾತ್ರ ನಿಲ್ಲಿಸಬೇಡಿ."

ಪಾವ್ಲಾಳ ಮುಖ ಕೆಂಡವಾಯಿತು. ಅವಳ ಮನೆಯಲ್ಲಿ ಪಾದರಸವೇ? ಗಂಡನ ಬಟ್ಟೆಯನ್ನು ಹೊಸ್ತಿಲ ಒಳಗೆ ತರಗೊಡದೆ ಹಿಮದಲ್ಲಿ ನಿಂತು ಒಗೆದವಳು ಅವಳು. ಅವನ ಬೂಟು ಇಪ್ಪತ್ತು ವರ್ಷ ಬಾಗಿಲ ಆಚೆಯೇ ಮಲಗಿತ್ತು. ನೆಲದ ಹಲಗೆಯನ್ನು ಬೂದಿನೀರಲ್ಲಿ ಉಜ್ಜಿ ಉಜ್ಜಿ ಮೊಣಕಾಲು ಕಳೆದುಕೊಂಡವಳು. ಇಷ್ಟನ್ನೂ ಅವಳು ಫೋನಿಗೆ ಹೇಳಲಿಲ್ಲ, ಸೊಸೆಗೆ ಹೇಳಿದಳು. ಮಾಡಿದವರು ತಾವು, ಈಗ ಮನೆಯ ಮೇಲೆ ಹಾಕುತ್ತಿದ್ದಾರೆ. ಲೋಯ್ಜೆಗೂ ಹೀಗೇ ಹೇಳಿದ್ದರು, ನಿನ್ನ ಮನೆ ಊಟ ಸರಿಯಿಲ್ಲ ಎಂದಿದ್ದರು. ಇವತ್ತಿಂದಲೇ ಮಗುವಿಗೆ ಆ ಹಾಲು ಬೇಡ ಎಂದಳು.

"ಅತ್ತೆ, ನಿಲ್ಸಿದ್ರೆ ಹಾಲು ಮತ್ತೆ ಬರಲ್ಲ," ಎಂದಳು ಜೆರ್ನೆಯಾ. ಗಂಡನ ಕಡೆ ನೋಡಿದಳು.

ಗಾಶ್ಪರ್ ಉಂಗುರವನ್ನು ಮೇಜಿನ ಮೇಲಿಟ್ಟ. "ಸ್ವಲ್ಪ ದಿನ," ಎಂದ. "ಮಗು ಸುಧಾರಿಸೋ ತನಕ."

ಮಕ್ಕಳ ಡಾಕ್ಟರಿಗೂ ತೋರಿಸಿದರು. ಅವರು ಅಂಗೈ ನೋಡಿ ಬೇರೆ ಮುಲಾಮು ಬರೆದರು. ಉಂಗುರದ ಮಾತನ್ನು ಎತ್ತಲು ಗಾಶ್ಪರನಿಗೆ ನಾಚಿಕೆಯಾಯಿತು, ಎತ್ತಲಿಲ್ಲ. ಜೆರ್ನೆಯಾಗೆ ಅಷ್ಟು ಹೊತ್ತಿಗೆ ತನ್ನ ಮೈಮೇಲೆ ತನಗೇ ನಂಬಿಕೆ ಹೋಗಿತ್ತು. ತಾನು ಕುಡಿಸಿದ್ದೇ ಮಗುವನ್ನು ಸುಡುತ್ತಿದ್ದರೆ ಎಂಬ ಒಂದು ಯೋಚನೆ ಸಾಕು, ಯಾವ ತಾಯಿಯಾದರೂ ಸೋಲುತ್ತಾಳೆ.

ಪಾವ್ಲಾ ಸೇಜ್ ಸೊಪ್ಪಿನ ಕಷಾಯ ಕಾಯಿಸಿದಳು. ಅದು ಹಾಲನ್ನು ಒಣಗಿಸುತ್ತದೆ. ಎದೆಗೆ ಎಲೆಕೋಸಿನ ತಣ್ಣನೆಯ ಎಲೆ ಇಟ್ಟು ಬಟ್ಟೆ ಬಿಗಿದು ಕಟ್ಟಿದಳು. ಕಟ್ಟುವಾಗ ಜೆರ್ನೆಯಾ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. ಕೋಣೆಯಲ್ಲಿ ಮಗು ಅತ್ತರೆ ಬಟ್ಟೆಯ ಮೇಲೆ ಎರಡು ಒದ್ದೆ ಕಲೆ ತಾನಾಗಿ ಮೂಡುತ್ತಿದ್ದವು. ಅವಳು ಸಿಂಕಿಗೆ ಬಾಗಿ ಹಾಲು ಹಿಂಡಿ ಚೆಲ್ಲುವಾಗ ಪಾವ್ಲಾ ಹಿಂದಿನಿಂದ ಕೂದಲು ಎತ್ತಿ ಹಿಡಿದುಕೊಳ್ಳುತ್ತಿದ್ದಳು, ವಾಂತಿ ಮಾಡುವವರನ್ನು ಹಿಡಿದ ಹಾಗೆ. ತಾನು ಮಾಡುತ್ತಿರುವುದು ಸರಿ ಎಂಬುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಆದರೂ ಆ ಬಿಳಿ ಹಾಲು ನಲ್ಲಿ ನೀರಿನ ಜೊತೆ ಸುತ್ತಿ ಇಳಿಯುವುದನ್ನು ನೋಡಲಾಗದೆ ಮುಖ ತಿರುಗಿಸುತ್ತಿದ್ದಳು. ಕ್ರಿಸ್ಮಸ್ಸಿನ ಹೊತ್ತಿಗೆ ಹಾಲು ಬತ್ತಿತು.

ಡಬ್ಬಿ ಹಾಲನ್ನು ಪಾವ್ಲಾಳೇ ಕಲೆಸಿ ಕುಡಿಸುತ್ತಿದ್ದಳು. ಜೆರ್ನೆಯಾಳಿಗೆ ಬಾಟಲಿ ಹಿಡಿಯಲು ಮನಸ್ಸು ಬರುತ್ತಿರಲಿಲ್ಲ, ಮಗುವೂ ನಿಧಾನಕ್ಕೆ ಅಜ್ಜಿಯ ಕೈಗೆ ಹೊಂದಿಕೊಂಡಿತು. ಪಾವ್ಲಾ ದಿನಾ ಅಂಗೈ ಬಿಡಿಸಿ ನೋಡುವಳು. ಕೆಂಪು ಇಳಿಯಲಿಲ್ಲ. ವಿಷ ಮೈಯಿಂದ ಇಳಿಯಲು ಹೊತ್ತು ಬೇಕು ಎಂದು ತನಗೂ ಇತರರಿಗೂ ಹೇಳಿಕೊಂಡಳು. ಜನವರಿಯ ಮೂರು ರಾಜರ ಹಬ್ಬ ಕಳೆದ ಮೇಲೆ ಮಗು ಬಾಟಲಿಯನ್ನೂ ತಳ್ಳತೊಡಗಿತು, ಕಾಲು ಎತ್ತುವುದನ್ನೇ ನಿಲ್ಲಿಸಿತು. ಆಗ ಜೆರ್ನೆಯಾ ಯಾರನ್ನೂ ಕೇಳದೆ ಮಗುವನ್ನು ಕಂಬಳಿಯಲ್ಲಿ ಸುತ್ತಿ, ಗಾಶ್ಪರನನ್ನು ಕಾರಿಗೆ ಹತ್ತಿಸಿ, ರಾಜಧಾನಿ ಲ್ಯೂಬ್ಲ್ಯಾನಾದ ಮಕ್ಕಳ ಆಸ್ಪತ್ರೆಗೆ ಹೊರಟಳು. ಹೋಗುವಾಗ, ಅಂದಿನಿಂದ ಮೇಜಿನ ಮೇಲೇ ಉಳಿದಿದ್ದ ಉಂಗುರವನ್ನೂ ಡಾಕ್ಟರಿಗೆ ತೋರಿಸಲು ಎತ್ತಿ ಜೇಬಿಗೆ ಹಾಕಿಕೊಂಡಳು.

ಎರಡು ದಿನ ಬಿಟ್ಟು ಅವಳ ಫೋನು ಬಂತು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಅತ್ತೆ, ಮಗು ಮೈಯಲ್ಲಿ ಪಾದರಸ ಇದೆ. ತುಂಬಾ ಇದೆ. ನನ್ನ ಮೈಯಲ್ಲೂ ಇದೆ, ಗಾಶ್ಪರ್ ಮೈಯಲ್ಲೂ ಇದೆ. ಗಾಶ್ಪರ್ ಹಲ್ಲು ಕೆರೆಸಿಲ್ವಲ್ಲ. ಉಸಿರಾಡಿದ್ದರಿಂದ ಹೋಗಿರೋದು ಅಂತಿದ್ದಾರೆ. ಮಲಗೋ ಕೋಣೆಯಲ್ಲಿ ಒಡೆದ ಥರ್ಮಾಮೀಟರ್ ಅಂಥದ್ದು ಏನಾದ್ರೂ ಇದೆಯಾ ನೋಡಿ ಅಂದ್ರು."

ಥರ್ಮಾಮೀಟರ್ ಒಡೆದೇ ಇಲ್ಲ ಎಂದಳು ಪಾವ್ಲಾ. ನೋಡಿ ಹೇಳ್ತೀನಿ ಎಂದು ಫೋನಿಟ್ಟಳು.

ಒಲೆಕೋಣೆಗೆ ಹೋಗಿ ಖಾಲಿ ತೊಟ್ಟಿಲಿನ ಪಕ್ಕ ಕೂತಳು. ಕೋಣೆ ಹಿತವಾಗಿ ಬೆಚ್ಚಗಿತ್ತು. ಸೊಸೆ ತಂದ ಹಲ್ಲಿನ ಡಾಕ್ಟರ ಮಾತುಗಳು ಒಂದೊಂದಾಗಿ ತಲೆಗೆ ಬಂದವು. ಗಾಶ್ಪರನ ಮೈಯಲ್ಲೂ ಇದೆ. ಹಾಗಾದರೆ ಹಾಲಲ್ಲ. ಹಾಲಲ್ಲದಿದ್ದರೆ ಉಂಗುರ ಯಾಕೆ ಬಿಳಿಚಿತು? ಉಂಗುರ ಇದ್ದದ್ದು ಹಾಲಿನಲ್ಲಿ. ಹಾಲು ಇದ್ದದ್ದು ಗ್ಲಾಸಿನಲ್ಲಿ. ಗ್ಲಾಸು ಇದ್ದದ್ದು... ಅವಳು ತಲೆ ಎತ್ತಿ ಬೀರುವಿನ ಕಡೆ ನೋಡಿದಳು.

ಕನ್ನಡಕ ಹಾಕಿಕೊಂಡು, ಟಾರ್ಚು ತಂದು ಬಾಗಿಲು ತೆಗೆದಳು. ಬಾಟಲಿ ಹಿಂಬದಿಗೆ ಅಡ್ಡ ಬಿದ್ದಿತ್ತು. ವರ್ಷಗಳ ಬಿಸಿಗೆ ಬೆಂಡು ಕುಗ್ಗಿ, ಮೇಣ ಬಿರುಕು ಬಿಟ್ಟು, ಮುಚ್ಚಳ ಓರೆಯಾಗಿತ್ತು. ಒಳಗೆ ತಳ ಮುಚ್ಚುವಷ್ಟೂ ಉಳಿದಿರಲಿಲ್ಲ. ಮಿಕ್ಕದ್ದು ಮೇಲಿನ ಹಲಗೆಯ ಇಳಿಜಾರಿಗೆ ಸಾಗಿ ಅಂಚಿನಿಂದ ತೊಟ್ಟಿಕ್ಕಿತ್ತು. ಕೆಳಗಿನ ಹಲಗೆಯಲ್ಲಿ ಗ್ಲಾಸಿನ ಕಾಲು ಬಿಟ್ಟ ದುಂಡನೆಯ ಗುರುತು ಇತ್ತು, ಅದರ ಸುತ್ತ ಸಾಸಿವೆಯಷ್ಟು ಸಾಸಿವೆಯಷ್ಟು ಹನಿಗಳು ಕೂತಿದ್ದವು. ಬೀರುವಿನ ತಳದ ಸೀಳಿನಿಂದ ಅವು ನೆಲಕ್ಕೂ ಇಳಿದಿದ್ದವು. ಟಾರ್ಚನ್ನು ನೆಲಕ್ಕೆ ಹಿಡಿದರೆ ತೊಟ್ಟಿಲಿನ ಅಡಿಯ ಹಲಗೆಗಳ ಸಂದಿಯುದ್ದಕ್ಕೂ ಒಂದು ಬೆಳ್ಳಿಯ ಗೆರೆ ಮಿನುಗಿತು. ಅಷ್ಟು ಚಂದದ ಹೊಳಪು ಅದಕ್ಕೆ.

ತನ್ನ ಮನೆಯಲ್ಲಿ ಪಾದರಸವಿಲ್ಲ ಎಂದು ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಬಾಟಲಿ ಅವಳ ಕಣ್ಣಿಗೆ ಪಾದರಸವಾಗಿ ಯಾವತ್ತೂ ಕಂಡೇ ಇರಲಿಲ್ಲ. ಅದು ಲೋಯ್ಜೆ. ಹಬ್ಬಕ್ಕೆ ಒರೆಸಿ ಮಾತಾಡಿಸುವ ಲೋಯ್ಜೆ. ಜಗತ್ತಿನಲ್ಲೆಲ್ಲ ಹುಡುಕು ಎಂದರೂ ಅವಳು ಹುಡುಕುತ್ತಿದ್ದಳು, ಅಲ್ಲೊಂದನ್ನು ಬಿಟ್ಟು. ಅವಳು ಬಾಗಿಲು ಮುಚ್ಚಿ, ಒಲೆಯ ಬೆಂಕಿ ಆರಿಸಿ, ಕಿಟಕಿಗಳನ್ನೆಲ್ಲ ತೆರೆದಳು. ಹಿಮದ ಗಾಳಿ ಒಳಗೆ ನುಗ್ಗಿತು. ಅಲ್ಲೇ ನಿಂತು ಗಂಡನನ್ನು, ಅವನು ಸತ್ತ ಮೇಲೆ ಮೊದಲ ಸಲ, ಬಾಯಿಗೆ ಬಂದಂತೆ ಬೈದಳು. ಬೈದದ್ದು ತನ್ನನ್ನೇ ಎಂದು ಅವಳಿಗೆ ಗೊತ್ತಿತ್ತು.

ಫೋನಿನಲ್ಲಿ ಹೇಳಬಹುದಿತ್ತು. ಬಾಟಲಿ ಸಿಕ್ಕಿತು, ಕೋಣೆ ಮುಚ್ಚಿದ್ದೇನೆ ಎಂದಷ್ಟೇ ಮಗನಿಗೆ ಹೇಳಿ ಡಾಕ್ಟರಿಗೆ ತಿಳಿಸಲು ಹೇಳಿದಳು. ಉಳಿದದ್ದನ್ನು ಮುಖ ನೋಡಿ ಹೇಳಬೇಕು ಎಂದು ಮರುದಿನ ಬೆಳಗಿನ ಬಸ್ಸು ಹತ್ತಿದಳು. ಹೊರಡುವ ಮುಂಚೆ ಮೈಮೇಲಿನ ಬಟ್ಟೆಯನ್ನೆಲ್ಲ ಬದಲಾಯಿಸಿ, ಪಕ್ಕದ ಮನೆಯವಳ ಕೋಟು ಕೇಳಿ ಹಾಕಿಕೊಂಡಳು. ಬೂದಿನೀರಿನಲ್ಲಿ ಕೈ ಉಜ್ಜಿದಳು, ಸೋಪಿನಲ್ಲಿ ಉಜ್ಜಿದಳು. ತಿರುವುಗಳ ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಹೋದಳು, ಒಂದೂ ನಿಲ್ಲಲಿಲ್ಲ.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಜೆರ್ನೆಯಾ ಬಾಗಿಲಿಗೆ ಒರಗಿ ನಿಂತಿದ್ದಳು. ಮಗುವಿಗೆ ಔಷಧಿ ಶುರು ಮಾಡಿದ್ದಾರೆ, ರಾತ್ರಿ ಸ್ವಲ್ಪ ನಿದ್ದೆ ಮಾಡಿತು, ಮುಂದೆ ಹೇಗೆ ಬೆಳೆಯುತ್ತೆ ಅಂತ ಈಗಲೇ ಹೇಳೋಕಾಗಲ್ಲವಂತೆ ಎಂದಳು. ಪಾವ್ಲಾ ಕೂರಲಿಲ್ಲ. ಬೀರು ಎಳೆದದ್ದು, ಉರುಳಿದ ಸದ್ದು ತನಗೆ ಕೇಳಿಸಿದ್ದು, ಕತ್ತಲಲ್ಲಿ ಗ್ಲಾಸು ತಡವಿದ್ದು, ತೊಳೆಯದೆ ಹಾಲು ತುಂಬಿದ್ದು, ಒಂದನ್ನೂ ಬಿಡದೆ ಹೇಳಿದಳು.

"ನಿನ್ನ ಹಾಲಲ್ಲಿ ಏನೂ ಇರಲಿಲ್ಲ ಮಗಳೇ," ಎಂದಳು ಕೊನೆಗೆ. "ಏನೂ ಇರಲಿಲ್ಲ. ನಾನೇ ಹಿಂಡಿಸಿ ಚೆಲ್ಲಿಸಿದೆ."

ಜೆರ್ನೆಯಾಳ ಕೈ ತಾನಾಗಿ ಎದೆಯ ಮೇಲೆ ಹೋಗಿ ಕೆಳಗಿಳಿಯಿತು. ಆಮೇಲೆ ಬಾಗಿಲು ತಳ್ಳಿ, ಒಳಗೆ ಬನ್ನಿ ಎಂದಳು.

ಮಗುವಿಗೆ ಎಚ್ಚರವಾಗಿತ್ತು. ಜೆರ್ನೆಯಾ ಕುರ್ಚಿಯಲ್ಲಿ ಕೂತು, ಅಂಗಿಯ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ಹಚ್ಚಿದಳು. ಡಾಕ್ಟರೇ ಹೇಳಿದ್ದಾರಂತೆ, ತಾಯಿಯ ಮೈಯಲ್ಲಿರುವುದು ಕಡಿಮೆ, ಹಚ್ಚುತ್ತಾ ಇರಿ, ಒಮ್ಮೊಮ್ಮೆ ಮತ್ತೆ ಬರುತ್ತದೆ ಎಂದು. ಮಗು ಮೂಗಿನಿಂದ ತಡವಿತು, ಬಾಯಿ ತೆರೆದು ಹಿಡಿಯಿತು, ಎರಡು ಸಲ ಎಳೆಯಿತು. ಏನೂ ಸಿಗದೆ ಬಿಟ್ಟು, ಮುಖ ಹಿಂಡಿಕೊಂಡು ಅಳತೊಡಗಿತು. ಜೆರ್ನೆಯಾ ಇನ್ನೊಂದು ಬದಿಗೆ ಹಚ್ಚಿದಳು. ಮಗು ತಲೆ ತಿರುಗಿಸಿತು. ತಿರುಗಿದ್ದು ಅಜ್ಜಿಯ ದನಿ ಕೇಳಿದ ಕಡೆಗೆ. ಇಷ್ಟು ದಿನ ಹೊಟ್ಟೆ ತುಂಬಿಸಿದ ಕೈ ಅದೇ ಎಂದು ಅದಕ್ಕೆ ಗೊತ್ತಿತ್ತು. ಪಾವ್ಲಾಳ ಎರಡೂ ಕೈ ತಾನಾಗಿ ಮುಂದೆ ಬಂದವು.

ಜೆರ್ನೆಯಾ ಮಗುವನ್ನು ಕೊಡಲಿಲ್ಲ. ಅತ್ತೆಯ ಕೈಗಳನ್ನೇ ನೋಡಿದಳು.

"ಕೈ ತೊಳ್ಕೊಂಡಿದ್ದೀರಾ ಅತ್ತೆ?" ಎಂದು ಮೆಲ್ಲಗೆ ಕೇಳಿದಳು.

"ತೊಳ್ಕೊಂಡೆ," ಎಂದಳು ಪಾವ್ಲಾ. ಆದರೂ ಮೂಲೆಯ ಸಿಂಕಿಗೆ ಹೋಗಿ, ನಲ್ಲಿ ಬಿಟ್ಟು, ಬೆರಳುಗಳ ಸಂದಿ, ಉಗುರಿನ ಅಡಿ, ಉಂಗುರವಿಲ್ಲದ ಬೆರಳಿನ ಬುಡ ಎಲ್ಲವನ್ನೂ ಮತ್ತೆ ತಿಕ್ಕತೊಡಗಿದಳು. ಹಿಂದೆ ಮಗುವಿನ ಅಳು ನಿಂತಿತು. ಅವಳು ತಿರುಗಿ ನೋಡಿದಾಗ ಜೆರ್ನೆಯಾ ಬಾಟಲಿಯಿಂದ ಕುಡಿಸುತ್ತಿದ್ದಳು. ಪಾವ್ಲಾ ನಲ್ಲಿ ನಿಲ್ಲಿಸದೆ ತೊಳೆಯುತ್ತಲೇ ಇದ್ದಳು.